ನರ್ಸಮ್ಮನ ಮೇಲೆ ಹೇಳಿದ ದೂರು

ರಾಯದುರ್ಗದಲ್ಲಿ ನಾನು ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದ ವರ್ಷಗಳಲ್ಲಿ ಅವ್ವನಿಗೆ ಕ್ಯಾನ್ಸರ್ ಆಯಿತು. ಇನ್ನು ಔಷಧಿ ನಾಟುವುದಿಲ್ಲವೆಂದು ಡಾಕ್ಟರು ಮನೆಗೆ ಕಳಿಸಿದ ಮೇಲೆ, ದಿನಾ ಬೆಳಿಗ್ಗೆ ಆಸ್ಪತ್ರೆಯಿಂದ ನರ್ಸಮ್ಮ ಒಬ್ಬಳು ಬಂದು ಆರೈಕೆ ಮಾಡುತ್ತಿದ್ದಳು. ನನ್ನ ಕೈಯಿಂದ ಒಂದು ಗುಟುಕು ಗಂಜಿ ಕುಡಿಯದ ಅವ್ವ ಅವಳ ಕೈಯಿಂದ ಬಟ್ಟಲು ಖಾಲಿ ಮಾಡುತ್ತಿದ್ದಳು. ನನಗೆ ಹೊಟ್ಟೆ ಉರಿಯುತ್ತಿತ್ತು.

ಆರೈಕೆ ಹೇಗಿದೆಯೆಂದು ವಿಚಾರಿಸಲು ಆಸ್ಪತ್ರೆಯ ಅವಳ ಮೇಲಧಿಕಾರಿ ಒಮ್ಮೆ ಮನೆಗೆ ಬಂದರು.

"ಅಷ್ಟೇನ್ ಚಲೋ ಇಲ್ರಿ, ಬರೀ ಗಡಿಬಿಡಿ ಮಾಡ್ತಾಳ" ಎಂದೆ.

ಅವ್ವ ಹಾಸಿಗೆಯಿಂದಲೇ ಕೈಯೆತ್ತಿದಳು. "ಸುಳ್ಳರೀ ಅದು. ಆಕಿ ಮುಟ್ಟಿದ್ರ ನೋವಾಗಂಗಿಲ್ಲ. ನನ್ನ ಮಗಳು ಅಳಕೋತ ಉಣಸ್ತಾಳ, ಗಂಜಿ ಗಂಟಲದಾಗ ಇಳಿಯಂಗಿಲ್ರಿ."

ಮರುದಿನ ನರ್ಸಮ್ಮನಿಂದ ಅವ್ವನ ಮೈ ಹೊರಳಿಸುವುದನ್ನು ಕಲಿತೆ. ಆದರೂ ಕೊನೆಯವರೆಗೂ ಬೆಳಗಾದರೆ ಅವ್ವ ಬಾಗಿಲ ಕಡೆಗೇ ನೋಡುತ್ತಿದ್ದಳು, ನಾನು ಪಕ್ಕದಲ್ಲೇ ಕೂತಿದ್ದರೂ.