ಬಾಲಕ್ಕೆ ನೀಲಿ ದಾರ ಕಟ್ಟಿದ ಮೀನು

ಬೀಗದ ಮಾಮನ ಮನೆಗೆ ಕಳ್ಳ ನುಗ್ಗಿದರೆ ಏನಾಗುತ್ತದೆ ಎಂಬುದನ್ನು ಬೀದಿಯವರು ಎಂದೋ ತೀರ್ಮಾನ ಮಾಡಿಬಿಟ್ಟಿದ್ದರು.

“ಪಾಪ, ಒಂದೊಂದೇ ಬೀಗ ತೆಗೆದು ತೆಗೆದು ಸುಸ್ತಾಗಿ, ಕೊನೆಗೆ ಅತ್ತೇನ ಎಬ್ಬಿಸಿ ಒಂದು ಲೋಟ ನೀರು ಕೇಳ್ತಾನೆ,” ಎನ್ನುತ್ತಿದ್ದರು ಎದುರುಮನೆಯ ಟೀಚರ್.

“ನೀರೆಲ್ಲಿ ಸಿಗುತ್ತೆ? ಲೋಟದ ಕಪಾಟಿಗೂ ಬೀಗ,” ಎನ್ನುತ್ತಿದ್ದ ಪಕ್ಕದ ಮನೆಯ ಟೈಲರ್.

ಮಾತು ಸುಳ್ಳೇನಲ್ಲ. ಗೇಟಿಗೆ ಬೀಗ, ಮುಂಬಾಗಿಲಿಗೆ ಒಂದರ ಮೇಲೊಂದು ಬೀಗ, ಹಿತ್ತಲ ಬಾಗಿಲಿಗೆ, ಕಪಾಟಿಗೆ, ಕಡೆಗೆ ಸಕ್ಕರೆ ಡಬ್ಬಿಗೂ ಒಂದು ಪುಟ್ಟ ಹಿತ್ತಾಳೆ ಬೀಗ. ಕೀಗಳೆಲ್ಲ ಒಂದು ಬಳೆಗೆ ಪೋಣಿಸಿ ಮಾಮನ ಸೊಂಟದಲ್ಲಿ ನೇತಾಡುತ್ತಿದ್ದವು. ಮಾಮ ಬೀದಿ ತಿರುವಿನಲ್ಲಿದ್ದರೆ ಸಾಕು, ಮನೆಯೊಳಗಿದ್ದವರಿಗೆ ಸದ್ದು ಕೇಳಿಸುತ್ತಿತ್ತು. ಅವರು ಇಲ್ಲದಾಗ ಯಾರಾದರೂ ಮಾತಾಡಿಸಲು ಬಂದರೆ ಅತ್ತೆ, “ಕೂತ್ಕೊಳ್ಳಿ, ಇವರು ಬರಲಿ, ಆಮೇಲೆ ಕಾಫಿ ಮಾಡ್ತೀನಿ,” ಎಂದು ನಕ್ಕುಬಿಡುತ್ತಿದ್ದರು. ಅತ್ತೆ ಎಂದರೆ ಮಾಮನ ಹೆಂಡತಿ. ಬೀದಿಗೆಲ್ಲ ಅವರು ಅತ್ತೆಯೇ.

ಮಾಮನದು ಬೀಗ ರಿಪೇರಿ ಅಂಗಡಿ. ಕೀ ಕಳೆದುಕೊಂಡವರ ಮನೆಗೆ ಹೋಗಿ ಬೀಗ ತೆಗೆದುಕೊಡುವುದೂ ಅವರ ಕೆಲಸವೇ. ಎಂಥ ಬೀಗವಾದರೂ ಒಂದು ತಂತಿ, ಒಂದು ಅರ, ಒಂದಿಷ್ಟು ತಾಳ್ಮೆ ಇದ್ದರೆ ಬಾಯಿ ಬಿಡುತ್ತಿತ್ತು. ಊರವರ ಬೀಗ ತೆಗೆದೇ ಬದುಕಿದ ಮನುಷ್ಯನಿಗೆ ಸ್ವಂತ ಮನೆಯ ಬೀಗದ ಮೇಲೆ ನಂಬಿಕೆ ಎಲ್ಲಿಂದ ಬರಬೇಕು? ಹಾಕಿದ ಮೇಲೆ ಜಗ್ಗಿ ನೋಡುತ್ತಿದ್ದರು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದು ಮತ್ತೆ ಜಗ್ಗುತ್ತಿದ್ದರು.

ಅಂಗಡಿಯಲ್ಲಿ ಅವರದೊಂದು ಪದ್ಧತಿ ಇತ್ತು. ಹೊಸದರಲ್ಲಿ ಒಮ್ಮೆ ಒಬ್ಬರ ಬೀಗ ಇನ್ನೊಬ್ಬರಿಗೆ ಹೋಗಿ ದೊಡ್ಡ ರಂಪವಾಗಿತ್ತಂತೆ. ಅಂದಿನಿಂದ ಯಾರೇ ಬೀಗ ತಂದುಕೊಟ್ಟರೂ ಅವರ ಕಣ್ಣೆದುರಿಗೇ ಅದಕ್ಕೊಂದು ಬಣ್ಣದ ದಾರ ಕಟ್ಟಿ, ಅದೇ ಬಣ್ಣದ ತುಂಡನ್ನು ಅವರ ಕೈಗೆ ಕೊಡುತ್ತಿದ್ದರು. ದಾರಕ್ಕೆ ದಾರ ಹೊಂದಿದರೆ ಮಾತ್ರ ಬೀಗ ವಾಪಸು. ದಾರದ ಉಂಡೆಗಳು ಜೇಬಿನಲ್ಲೇ ಇರುತ್ತಿದ್ದವು, ಊಟಕ್ಕೆ ಕೂತರೂ, ಮಲಗಿದರೂ.

ಇಂಥ ಮಾಮ ಹೆಂಡತಿಯನ್ನು ಒಂದು ದಿನವೂ ಊರು ಬಿಟ್ಟು ಎಲ್ಲಿಗೂ ಕರೆದುಕೊಂಡು ಹೋದವರಲ್ಲ. ಮನೆ ಕಾಯುವವರು ಯಾರು? ಅತ್ತೆಯೂ ಕೇಳಿದವರಲ್ಲ. ಎಂದೂ ಕೇಳದವರು ಒಂದು ದಿನ ಇದ್ದಕ್ಕಿದ್ದ ಹಾಗೆ, “ರೀ, ಸಮುದ್ರ ನೋಡಬೇಕು. ಮೂರು ದಿನ ಹೋಗಿ ಬರೋಣ,” ಎಂದಾಗ ಮಾಮನ ಕಿವಿ ನೆಟ್ಟಗಾಯಿತು.

“ಯಾಕೆ?”

“ಯಾಕೆ ಅಂದ್ರೆ? ಸಮುದ್ರ ನೋಡೋಕೆ.”

ಆ ಉತ್ತರದಲ್ಲಿ ತಪ್ಪು ಹುಡುಕಲು ಮಾಮನಿಗೆ ಸಾಧ್ಯವಾಗಲಿಲ್ಲ. ಅದಕ್ಕೇ ಸಂಶಯ ಇನ್ನೂ ಜಾಸ್ತಿಯಾಯಿತು. ಹೊರಡುವ ಹಿಂದಿನ ದಿನ ಅತ್ತೆ ಚೀಲ ತುಂಬುವಾಗ ಮಾಮ ಪೇಪರ್ ಓದುವ ನೆಪದಲ್ಲಿ ಎಲ್ಲ ನೋಡುತ್ತಿದ್ದರು. ಸೀರೆಗಳು ಸರಿ. ಚಳಿಗಾಲದ ಸ್ವೆಟರ್ ಯಾಕೆ? ಹೊಲಿಗೆಯ ಕತ್ತರಿ ಯಾಕೆ? ಎಲ್ಲಕ್ಕಿಂತ ಕೊನೆಗೆ ಅತ್ತೆ ತಮ್ಮ ದಿಂಬನ್ನು ಮಡಚಿ ಚೀಲಕ್ಕೆ ತುರುಕಿದರು.

“ಲಾಡ್ಜಲ್ಲಿ ದಿಂಬು ಕೊಡಲ್ವಾ?”

“ಬೇರೆ ದಿಂಬಾದ್ರೆ ನನಗೆ ಕುತ್ತಿಗೆ ಹಿಡಿಯುತ್ತೆ.”

ಮೂರು ದಿನಕ್ಕೆ ಯಾರಾದರೂ ದಿಂಬು ಒಯ್ಯುತ್ತಾರೆಯೇ? ಇವಳು ವಾಪಸು ಬರುವುದಿಲ್ಲ. ಮಾಮ ಪೇಪರ್ ಮಡಚಿಟ್ಟು, ಗೇಟಿನ ಬೀಗ ಜಗ್ಗಿ ನೋಡಿ ಬಂದರು. ಬಾಯಿಬಿಟ್ಟು ಕೇಳಿದರೆ ಹೌದು ಎಂದುಬಿಟ್ಟಾಳು ಎಂಬ ಹೆದರಿಕೆಗೆ ಕೇಳಲೂ ಇಲ್ಲ.

ಸಮುದ್ರದ ಊರಿಗೆ ಬಂದಿಳಿದ ದಿನವೇ ಸಂಜೆ ಅತ್ತೆ ಮೀನು ಊಟಕ್ಕೆ ಹೋಗೋಣ ಎಂದರು. ದಂಡೆಯ ಉದ್ದಕ್ಕೂ ಹೋಟೆಲುಗಳ ಸಾಲು. ಎಲ್ಲ ಕಡೆ ದೀಪ, ಎಲ್ಲ ಕಡೆ ಕೂಗಿ ಕರೆಯುವವರು. ಅತ್ತೆ ಅತ್ತಿತ್ತ ನೋಡದೆ, ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನಲ್ಲಿ ನಡೆದೇ ನಡೆದರು. ಕೊನೆಯ ಹೋಟೆಲಿನ ಮುಂದೆ ಹೋಗಿ ನಿಂತರು.

“ಇಲ್ಲೇ ಯಾಕೆ?” ಎಂದರು ಮಾಮ.

“ಚೆನ್ನಾಗಿರಬಹುದು ಅನ್ನಿಸ್ತು.”

ಮಾಮ ಮೊದಲು ನೋಡಿದ್ದು ಬಾಗಿಲನ್ನು. ಬಾಗಿಲೇ ಇರಲಿಲ್ಲ! ನಾಲ್ಕು ಕಂಬ, ಮೇಲೊಂದು ಕೋಣೆ, ಮುಂಭಾಗಕ್ಕೆ ಸುತ್ತಿಟ್ಟ ಟಾರ್ಪಾಲು. ಮರಳಿನ ಮೇಲೆಯೇ ಪ್ಲಾಸ್ಟಿಕ್ ಕುರ್ಚಿಗಳು. ಬದಿಯಲ್ಲಿ ಐಸ್ ಹರಡಿದ ತಟ್ಟೆಯ ಮೇಲೆ ಮೀನುಗಳು ಕಣ್ಣು ಬಿಟ್ಟುಕೊಂಡು ಮಲಗಿದ್ದವು. ನಮಗೆ ಬೇಕಾದ ಮೀನನ್ನು ನಾವೇ ಆರಿಸಬೇಕು, ಅವರು ಒಳಗೆ ಒಯ್ದು ಸುಟ್ಟು ತರುತ್ತಾರೆ.

“ಒಳಗೆ ಒಯ್ತೀರಾ?” ಎಂದರು ಮಾಮ.

“ಹೂಂ ಸಾರ್, ಒಲೆ ಒಳಗಿದೆಯಲ್ಲ,” ಎಂದ ದಪ್ಪ ಮೀಸೆಯ ಸಪ್ಲೈಯರ್.

“ಅಂದ್ರೆ ನಮ್ಮ ಕಣ್ಣಿಗೆ ಕಾಣಲ್ಲ.”

“ಮೀನು ಎಲ್ಲಿಗೂ ಓಡಿಹೋಗಲ್ಲ ಸಾರ್, ಸತ್ತಿದೆ.”

ಮಾಮ ಒಂದೊಂದೇ ಮೀನಿನ ಕಿವಿರು ಎತ್ತಿ ನೋಡಿ, ಮೂಸಿ, ಬೆರಳಿನಿಂದ ಒತ್ತಿ, ಒಂದನ್ನು ಆರಿಸಿದರು. ಆಮೇಲೆ ಜೇಬಿನಿಂದ ನೀಲಿ ದಾರ ತೆಗೆದು ಅದರ ಬಾಲದ ಬುಡಕ್ಕೆ ಬಿಗಿಯಾಗಿ ಗಂಟು ಹಾಕಿ, ಉಳಿದ ತುಂಡನ್ನು ತಮ್ಮ ಜೇಬಿಗೆ ಸೇರಿಸಿದರು. ಸಪ್ಲೈಯರ್ ಮೀಸೆ ಸವರುತ್ತ ನೋಡಿದ. ಪಕ್ಕದ ಮೇಜಿನವರು ತಿನ್ನುವುದನ್ನು ಬಿಟ್ಟು ನೋಡಿದರು.

“ಸಾರ್, ಇದು ಮದುವೆ ಮೀನಾ?”

“ಇದೇ ಮೀನು ನನ್ನ ತಟ್ಟೆಗೆ ಬರಬೇಕು, ಅಷ್ಟೇ.”

ಅತ್ತೆ ತಲೆ ತಗ್ಗಿಸಿ ಕೂತಿದ್ದರು. ಬೇರೆ ದಿನವಾಗಿದ್ದರೆ, ಮಾನ ಕಳೀತೀರಲ್ರೀ ಎನ್ನುತ್ತಿದ್ದರು. ಇವತ್ತು ಅದೂ ಇಲ್ಲ. ಅಷ್ಟರಲ್ಲಿ ಸಪ್ಲೈಯರ್ ಹುರಿದ ಸಿಗಡಿಯ ತಟ್ಟೆ ತಂದು ಅತ್ತೆಯ ಮುಂದೆ ಇಟ್ಟ. “ನಿಂಬೆಹಣ್ಣು ಹಾಕಿಲ್ಲ,” ಎಂದು ಹೇಳಿ ಹೋದ.

ಮಾಮ ತಟ್ಟೆ ನೋಡಿದರು, ಹೆಂಡತಿಯ ಮುಖ ನೋಡಿದರು. ನಿಂಬೆ ಹಾಕಿದರೆ ಅತ್ತೆ ಮುಟ್ಟುವುದಿಲ್ಲ. ಅದು ಈ ಮೀಸೆಯವನಿಗೆ ಹೇಗೆ ಗೊತ್ತು? ಅಸಲಿಗೆ ಸಿಗಡಿ ಬೇಕು ಎಂದು ಕೇಳಿದವರು ಯಾರು?

“ಕೈ ತೊಳ್ಕೊಂಡು ಬರ್ತೀನಿ,” ಎಂದು ಅತ್ತೆ ಎದ್ದು ಒಳಗೆ ಹೋದರು. ಕೈ ತೊಳೆಯುವ ನಲ್ಲಿ ಹೊರಗೆ, ಮಾಮನ ಬೆನ್ನ ಹಿಂದೆಯೇ ಇತ್ತು.

ಹೋದವರು ಬರಲಿಲ್ಲ. ಅವರ ಬದಲು ಸುಟ್ಟ ಮೀನು ಬಂತು, ಹೊಗೆಯಾಡುತ್ತ. ಮಾಮ ಬಾಲ ಎತ್ತಿ ನೋಡಿದರು. ದಾರವಿಲ್ಲ! ಅವರಿಗೆ ಸಿಟ್ಟೂ ಬಂತು, ಒಂದು ಬಗೆಯ ಸಮಾಧಾನವೂ ಆಯಿತು. ಮೋಸ ಇಲ್ಲಿದೆ, ಕೈಗೆ ಸಿಕ್ಕಿದೆ ಎಂದುಕೊಂಡು ತಟ್ಟೆ ಎತ್ತಿಕೊಂಡು ನೇರ ಅಡುಗೆಮನೆಯ ಕಡೆ ನಡೆದರು.

ಒಳಗಿನಿಂದ ನಗು ಕೇಳಿಸಿತು. ಹೊಟ್ಟೆ ಹಿಡಿದುಕೊಂಡು ನಗುವ ನಗು. ಯಾರಿದು ಎಂದು ಮಾಮ ಗೋಡೆಯ ಮರೆಯಲ್ಲಿ ನಿಂತರು. ನಗುತ್ತಿದ್ದವರು ಅತ್ತೆ. ಎದುರಿಗೆ ಒಲೆಯ ಮುಂದೆ ಮುಖವೆಲ್ಲ ಕೆಂಪಾದ, ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಹೋಟೆಲಿನ ಒಡತಿ. ಅತ್ತೆಯ ಬೆರಳಿಗೆ ನೀಲಿ ದಾರ ಸುತ್ತಿತ್ತು.

“ಸುಡೋ ಮುಂಚೆ ನಾನೇ ಬಿಚ್ಚಿದೆ ಕಣೇ. ಇಲ್ಲಾಂದ್ರೆ ಸುಟ್ಟ ದಾರದ ವಾಸನೆ ತಿನ್ನಬೇಕಿತ್ತು,” ಎನ್ನುತ್ತಿದ್ದರು ಅತ್ತೆ.

“ನೀನು ಫೋನಲ್ಲಿ ಹೇಳಿದಾಗ ಸುಳ್ಳು ಅಂದ್ಕೊಂಡಿದ್ದೆ. ನಿಜವಾಗ್ಲೂ ಸಕ್ಕರೆ ಡಬ್ಬಿಗೂ ಬೀಗಾನಾ?” ದೊಡ್ಡಕ್ಕ ಕಣ್ಣೊರೆಸಿಕೊಂಡರು. ಆಮೇಲೆ ದನಿ ತಗ್ಗಿಸಿ, “ಏನು ತೀರ್ಮಾನ ಮಾಡ್ದೆ? ಮೇಲಿನ ಕೋಣೆ ಗುಡಿಸಿ ಇಟ್ಟಿದ್ದೀನಿ. ನನಗೂ ಒಬ್ಬಳಿಗೆ ಕೈಲಾಗ್ತಿಲ್ಲ,” ಎಂದರು.

“ಅವರು ಆ ಮನೆ ಬಿಟ್ಟು ಬರಲ್ಲ.”

“ಹಾಗಾದ್ರೆ ನೀನೊಬ್ಬಳೇ ಇರು.”

“ದಿಂಬು ತಂದಿದ್ದೀನಿ,” ಎಂದರು ಅತ್ತೆ. ಈ ಸಲ ನಗಲಿಲ್ಲ.

ಮಾಮ ತಟ್ಟೆ ಹಿಡಿದುಕೊಂಡೇ ಹಿಂದಕ್ಕೆ ಬಂದು ಕೂತರು. ಮೀನು ಅವರದೇ ಆಗಿತ್ತು. ಮುರಿದು ಒಂದು ತುಂಡು ಬಾಯಿಗಿಟ್ಟರು. ರುಚಿಯಾಗಿಯೇ ಇತ್ತು. ತಟ್ಟೆಯನ್ನು ಅತ್ತೆಯ ಖಾಲಿ ಕುರ್ಚಿಯ ಕಡೆ ಸರಿಸಿದರು.

ಅತ್ತೆ ಬಂದು ಕೂತರು. ಬೆರಳಿನ ದಾರ ಬಿಚ್ಚಿ ಮೇಜಿನ ಮೇಲಿಟ್ಟರು. ಮಾಮ ಜೇಬಿನಿಂದ ತಮ್ಮ ತುಂಡು ತೆಗೆದು ಅದರ ಪಕ್ಕದಲ್ಲಿಟ್ಟರು. ಬಣ್ಣ ಹೊಂದಿತು.

“ಆಕೆ ಯಾರು?”

“ಚಿಕ್ಕವಳಿದ್ದಾಗ ನಮ್ಮ ಪಕ್ಕದ ಮನೆಯವಳು. ನೀವು ಅಂಗಡಿಗೆ ಹೋದ ಮೇಲೆ ಮಧ್ಯಾಹ್ನ ಫೋನ್ ಮಾಡ್ತಾಳೆ.”

“ನನಗೆ ಹೇಳಲಿಲ್ಲ.”

“ಹೇಳಿದ್ರೆ ಫೋನಿಗೂ ಬೀಗ ಹಾಕ್ತಿದ್ರಿ.” ಅತ್ತೆ ಮರಳಿನಲ್ಲಿ ಕಾಲು ಹೂತುಕೊಂಡು ಹೇಳಿದರು, “ನಾನು ಇಲ್ಲಿ ಇರ್ತೀನಿ ರೀ. ಜಗಳ ಮಾಡ್ಕೊಂಡಲ್ಲ. ಒಂದು ಲೋಟ ಕಾಫಿಗೂ ನಿಮ್ಮ ಸೊಂಟದ ಕೀ ಸದ್ದಿಗೆ ಕಾದು ಕಾದು ಸಾಕಾಯ್ತು.”

ಮಾಮ ಒಬ್ಬರೇ ಊರಿಗೆ ಮರಳಿದರು. ಎಲ್ಲ ಬೀಗ ತೆಗೆದು ಒಳಗೆ ಹೋಗಿ, ಎಲ್ಲ ಬೀಗ ಹಾಕಿಕೊಂಡರು. ಅತ್ತೆ ಎಲ್ಲಿ ಎಂದು ಬೀದಿಯವರು ಕೇಳಿದರೆ ಗೆಳತಿಯ ಮನೆಯಲ್ಲಿ ಎಂದು ಹೇಳಿ ಒಳಗೆ ನಡೆಯುತ್ತಿದ್ದರು. ಒಂದು ದಿನ ಟೀಚರ್ ಗೇಟಿನ ಹತ್ತಿರ ತಡೆದು, “ಅತ್ತೆ ಇಲ್ಲದೆ ಮಧ್ಯಾಹ್ನ ಭಣಭಣ ಅನ್ನುತ್ತೆ ಮಾಮ. ಎಷ್ಟು ನಗ್ತಿದ್ರು ಫೋನಲ್ಲಿ! ನಮ್ಮ ಮನೇವರೆಗೂ ಕೇಳಿಸ್ತಿತ್ತು,” ಎಂದರು. ಈ ಟೀಚರ್ ಕಿಟಕಿಯಿಂದ ಇಣುಕುತ್ತಾಳೆ ಎಂದೇ ಮಾಮ ಆ ಕಡೆಯ ಕಿಟಕಿಗೆ ಮೊಳೆ ಹೊಡೆಸಿದ್ದರು. ಅವಳಿಗೆ ಕೇಳಿಸಿದ ನಗು ತಮಗೆ ಮಾತ್ರ ಕೇಳಿಸಿರಲಿಲ್ಲ.

ದಿನಾ ಸಂಜೆ ಫೋನ್ ಮಾಡುತ್ತಿದ್ದರು. ಕೇಳುವುದು ಒಂದೇ ಮಾತು.

“ಬಾಗಿಲು ಹಾಕಿದ್ರಾ?”

“ಬಾಗಿಲೆಲ್ಲಿದೆ? ನೀವೇ ನೋಡಿದ್ರಲ್ಲ. ಟಾರ್ಪಾಲು ಇಳಿಸ್ತೀವಿ.”

“ಅದಕ್ಕೆ ಬೀಗ?”

“ಟಾರ್ಪಾಲಿಗೆ ಯಾರು ಬೀಗ ಹಾಕ್ತಾರೆ ರೀ!”

ಫೋನ್ ಇಟ್ಟ ಮೇಲೆ ಮಾಮನಿಗೆ ಊಟ ಸೇರುತ್ತಿರಲಿಲ್ಲ. ಇಲ್ಲಿ ಖಾಲಿ ಕಪಾಟಿಗೆಲ್ಲ ಬೀಗ, ಅಲ್ಲಿ ಹೆಂಡತಿ ಮಲಗುವ ಮನೆಗೆ ಬಾಗಿಲೇ ಇಲ್ಲ. ಆ ಮೀಸೆಯವನ ಮೇಲೂ ಸಂಶಯ, ಸಮುದ್ರದ ಮೇಲೂ ಸಂಶಯ.

“ನಾನೇ ಬಂದು ಒಂದು ಬಾಗಿಲು ಕೂರಿಸ್ತೀನಿ,” ಎಂದರು ಒಂದು ಸಂಜೆ.

 ಅತ್ತೆ ಹೇಳಿದರು: “ಬಾಗಿಲು ಕೂರಿಸಿ ಹೋಗೋದಾದ್ರೆ ಬೇಡ. ಇರೋದಾದ್ರೆ ಬನ್ನಿ. ಬರೋವಾಗ ನಿಮ್ಮ ದಿಂಬು ತನ್ನಿ.”

ಮಾಮ ಅಂಗಡಿ ಖಾಲಿ ಮಾಡಿದರು. ಮನೆಗೆ ಟೀಚರ ತಂಗಿ ಸಂಸಾರ ಬರುವುದೆಂದು ಮಾತಾಯಿತು. ಹೊರಡುವ ಬೆಳಗ್ಗೆ ಹೆಗಲಿಗೆ ಸಾಮಾನಿನ ಚೀಲ, ಕಂಕುಳಲ್ಲಿ ದಿಂಬು. ಮುಂಬಾಗಿಲಿಗೆ ಒಂದೇ ಒಂದು ಬೀಗ ಹಾಕಿ, ಸೊಂಟದ ಕೀ ಬಳೆ ಬಿಚ್ಚಿ ಟೀಚರ ಕೈಗಿಟ್ಟರು. ಟೈಲರ್ ಹೊಲಿಗೆ ಯಂತ್ರ ನಿಲ್ಲಿಸಿ ದಿಂಬನ್ನೇ ನೋಡುತ್ತಿದ್ದ.

ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದರು. ಜಗ್ಗಿ ನೋಡುತ್ತಾರೆ ಎಂದುಕೊಂಡು ಟೀಚರ್ ಪಕ್ಕಕ್ಕೆ ಸರಿದರು.

“ಆ ಸಣ್ಣ ಹಿತ್ತಾಳೆದು ಸಕ್ಕರೆ ಡಬ್ಬಿ ಕೀ,” ಎಂದರು ಮಾಮ. “ಅರ್ಧ ಡಬ್ಬಿ ಇದೆ. ಇರುವೆ ಮುತ್ತೋಕೆ ಮುಂಚೆ ಕಾಫಿಗೆ ಹಾಕ್ಕೊಳ್ಳಿ.”

“ಬೀಗ ಜಗ್ಗಿ ನೋಡಲ್ವಾ ಮಾಮ?”

ಮಾಮನ ಕೈ ಆಗಲೇ ಅರ್ಧಕ್ಕೆ ಎದ್ದಿತ್ತು. ಟೀಚರ ಮುಖ ನೋಡಿ ಅದನ್ನು ಇಳಿಸಿದರು.

“ನೀವೇ ನೋಡಿ,” ಎಂದು ಹೇಳಿ, ಜಾರುತ್ತಿದ್ದ ದಿಂಬನ್ನು ಕಂಕುಳಿಗೆ ಒತ್ತಿಕೊಂಡು ಮಾಮ ನಡೆದರು. ಬೀದಿ ತಿರುವಿನವರೆಗೂ ಅವರ ನಡಿಗೆಗೆ ಸದ್ದಿರಲಿಲ್ಲ.