ಮಾವನವರ ತೊಟ್ಟಿ, ಬಚ್ಚಲ ಗೋಡೆ

ನಾನು ಸಂಡೂರಿನಿಂದ ಕಂಪ್ಲಿಗೆ ಸೊಸೆಯಾಗಿ ಬಂದ ವರ್ಷವೇ ಮಾವನವರು ತೊಟ್ಟಿ ತಂದರು. ಬಳ್ಳಾರಿಯಲ್ಲಿ ಯಾರೋ ಇಂಗ್ಲಿಷ್ ದೊರೆ ಊರು ಬಿಡುವಾಗ ಸಾಮಾನು ಹರಾಜು ಹಾಕಿಸಿದ್ದನಂತೆ. ಅಕ್ಕಿ ಮಾರಲು ಹೋದವರು ಮರಳುವಾಗ ಬಂಡಿಯಲ್ಲಿ, ಒಬ್ಬ ಆಳು ಕಾಲು ಚಾಚಿ ಮಲಗುವಷ್ಟು ಉದ್ದದ ತಗಡಿನ ತೊಟ್ಟಿ ಹೇರಿಕೊಂಡು ಬಂದರು.

ಅತ್ತೆ ಬಾಗಿಲಲ್ಲೇ ನಿಂತು, "ದನಕ್ಕ ನೀರು ಕುಡಿಸಾಕ ತಂದ್ರೇನು?" ಎಂದರು.

"ನನಗ. ಒಳಗ ಕುಂತು ಜಳಕ ಮಾಡಾಕ."

ತೊಟ್ಟಿಯನ್ನು ಬಚ್ಚಲ ಗೋಡೆಗೆ ಒತ್ತಿಯೇ ಇಟ್ಟರು. ಮಾವ ದಪ್ಪ ಆಳು. ಅವರು ಕೂತರೆ ಕಾಲುವೆಯ ತೂಬು ತೆಗೆದಂತೆ ನೀರು ಅಂಚು ದಾಟಿ ಗೋಡೆಗೆ ಬಡಿಯುತ್ತಿತ್ತು. ಮಣ್ಣಿನ ಗೋಡೆ; ಅದರಾಚೆ ಬೆಲ್ಲದ ಕೋಣೆ.

ಕೆಲವು ದಿನಗಳಲ್ಲೇ, ಹೋಳಿಗೆಗೆ ಬೆಲ್ಲ ತರಲು ಹೋದ ನನ್ನ ಕೈಗೆ ಗೋಡೆಯ ಹೆಂಟೆಯೊಂದು ಕಿತ್ತು ಬಂತು. ತಳದ ಬೆಲ್ಲದ ಅಚ್ಚು ಕರಗಿ ಪಾಕವಾಗಿತ್ತು.

"ಇನ್ನ ನಾಕು ಜಳಕ ಆದ್ರ ಗ್ವಾಡಿ ನಿಮ್ಮ ಮ್ಯಾಗ ಬೀಳತೈತಿ. ಹೊರಗ ಹಾಕ್ರಿ ಅದನ್ನ!" ಎಂದು ಅತ್ತೆ ಕೂಗಾಡಿದರು.

ಮಾವನ ಮುಖ ಎಳೆಮಗುವಿನಂತೆ ಬಾಡಿತು. ನನಗೆ ಅಯ್ಯೋ ಎನಿಸಿತು. ಮಾವನ ಜೊತೆ ನೇರ ಮಾತಾಡುವ ಕಾಲವಲ್ಲ. ಅವರಿಗೆ ಕೇಳಿಸಲೆಂದೇ ಅತ್ತೆಗೆ ಗಟ್ಟಿಯಾಗಿ ಹೇಳಿದೆ: "ಅತ್ತಿ, ನಮ್ಮ ತವರಾಗ ಬಚ್ಚಲ ಗ್ವಾಡಿಗೆ ಎದಿ ಮಟ ಹಾಸುಗಲ್ಲು ನಿಲ್ಲಿಸ್ಯಾರ್ರಿ, ಸಂದಿಗೆ ಗಚ್ಚು ತುಂಬ್ಯಾರ. ತೊಟ್ಟಿನ ಒಂದು ಗೇಣು ಈಚಿಗೆ ಎಳದು, ನೆಲ ಮೋರಿ ಕಡಿಗೆ ಇಳಿಜಾರು ಮಾಡಿದ್ರ ನೀರು ಗ್ವಾಡಿ ಕಡಿಗೆ ನಿಲ್ಲಂಗಿಲ್ಲ."

ಮರುದಿನವೇ ಗೌಂಡಿ ಬಂದ. ಗೋಡೆ ಚೆನ್ನಾಗಿ ಒಣಗದೆ ಕಲ್ಲು ನಿಲ್ಲಿಸುವುದಿಲ್ಲ ಎಂದ. ಅಲ್ಲಿಯವರೆಗೆ ಮಾವ ಮುಖ ಸಣ್ಣದು ಮಾಡಿಕೊಂಡು ಸ್ನಾನಕ್ಕೆ ಹೊಳೆಗೆ ಹೋಗುತ್ತಿದ್ದರು. ಸುಣ್ಣದ ಗಚ್ಚು ಗಟ್ಟಿಯಾಗಿ ಹಿಡಿಯಲು ಬೆಲ್ಲದ ನೀರು ಬೇಕೆಂದು ಗೌಂಡಿ ಕೇಳಿದಾಗ ಅತ್ತೆ ಕರಗಿದ ಬೆಲ್ಲವನ್ನೇ ಕೊಟ್ಟರು. ಅದು ದಂಡವಾಗಲಿಲ್ಲವೆಂದು ಅವರ ಸಿಟ್ಟೂ ಅರ್ಧ ಇಳಿಯಿತು.

ಕಲ್ಲು ನಿಂತು ಗಚ್ಚು ಒಣಗಿದ ಮೇಲೆ, ಪರೀಕ್ಷೆಯ ದಿನ ಮಾವ ತೊಟ್ಟಿಯಲ್ಲಿ, ನಾವೆಲ್ಲ ಬೆಲ್ಲದ ಕೋಣೆಯಲ್ಲಿ ಗೋಡೆಗೆ ಅಂಗೈ ಒತ್ತಿಕೊಂಡು ನಿಂತೆವು. ಆಚೆಯಿಂದ ನೀರು ದಬದಬ ಬಿದ್ದ ಸದ್ದು.

"ಹಸಿ ಬಂತೇನು?" ಮಾವ ಕೂಗಿದರು.

"ಇಲ್ರಿ, ಒಣಗೇ ಐತಿ!" ಅತ್ತೆ ಕೂಗಿದರು.

"ಈಗ?"

"ಈಗೂ ಇಲ್ರಿ! ಜಲ್ದಿ ಎದ್ದು ಬರ್ರಿ, ಪೂಜಿಗೆ ಹೊತ್ತಾತು!"

ನಗು ತಡೆಯಲಾಗದೆ ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಮುಂದಿನ ಸೋಮವಾರ ಮಾವ ಹೆಗಲ ಮೇಲೆ ಪಂಚೆ ಹಾಕಿಕೊಂಡು ಬಚ್ಚಲಿಗೆ ಹೋದರೆ ಬಾಗಿಲಿಗೆ ಒಳಗಿನಿಂದ ಅಗುಳಿ.

"ಯಾರದು?"

"ನಾನ್ರಿ. ನೀರು ಭಾಳ ಬೆಚ್ಚಗ ಅದಾವ. ಚೂರು ತಡೀರಿ," ಎಂದಿತು ಅತ್ತೆಯ ದನಿ.