ಕ್ವಾರಲ್ ಅಲ್ಲ, ಅಸಾಲ್ಟ್

ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿ ಎದುರು ಅರ್ಜಿ ಟೈಪ್ ಮಾಡುತ್ತಿದ್ದ ಅಕ್ಕ, ಯಾರೇ ಬಂದರೂ ಕನ್ನಡಕ ಒರೆಸಿಕೊಂಡು, "ಆಗಿದ್ದು ಹೇಳಿ, ಪದ ನಾನು ಹುಡುಕ್ತೀನಿ" ಎನ್ನುತ್ತಿದ್ದರು. ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ ನಾನು ಒಂದು ವಾರ ಎಣಿಸಿ ದಿನಚರಿಯಲ್ಲಿ ಬರೆದಿದ್ದೇನೆ: ಐವತ್ತೆರಡು ಸಲ.

ಆ ವಾರದ ಗುರುವಾರ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಂಗಸೊಬ್ಬಳು ಊದಿದ ಕೆನ್ನೆಯೊಂದಿಗೆ ಬಂದಳು. ಸೂಪರ್‌ವೈಸರ್ ಹೊಡೆದಿದ್ದ. ಬೆಂಗಳೂರಿನ ಹೆಡ್ ಆಫೀಸಿಗೆ ಇಂಗ್ಲಿಷಿನಲ್ಲಿ ದೂರು ಹೋಗಬೇಕಿತ್ತು. ಅವಳ ಹಿಂದೆಯೇ ಅವನೂ ಬೈಕಿನಲ್ಲಿ ಬಂದ.

"ಅಕ್ಕಾ, ಮಾತಿಗೆ ಮಾತು ಬೆಳೀತು ಅಂತ ಹಾಕಿ. ಕ್ವಾರಲ್ ಅಂದ್ರೆ ಸಾಕು. ಅಸಾಲ್ಟ್ ಅಂತ ಬರೆದ್ರೆ ನನ್ ಕೆಲ್ಸ ಹೋಗುತ್ತೆ."

ಅಕ್ಕ ಹೆಂಗಸಿನ ಕಡೆ ತಿರುಗಿದರು. "ನೀನೂ ಕೈ ಎತ್ತಿದ್ಯೇನಮ್ಮಾ?"

"ಇಲ್ಲಕ್ಕಾ. ತಲೆ ಬಗ್ಗಿಸ್ಕೊಂಡು ದಾರ ಕತ್ತರಿಸ್ತಿದ್ದೆ."

"ಕ್ವಾರಲ್‌ಗೆ ಇಬ್ರು ಬೇಕು ಕಣಪ್ಪಾ. ಇಲ್ಲಿ ಹೊಡೆದೋನು ನೀನೊಬ್ಬನೇ. ಇದಕ್ಕೆ ಅಸಾಲ್ಟ್ ಅಂತಾರೆ."

"ನಾಳೆ ನಿನ್ ಟೇಬಲ್ ಇಲ್ಲಿರಲ್ಲ, ನೋಡ್ತಿರು!"

ಅಕ್ಕ ಆ ಪದವನ್ನು ಒಂದೊಂದೇ ಅಕ್ಷರವಾಗಿ ಟೈಪ್ ಮಾಡಿದರು. ಬೆರಳುಗಳನ್ನು ಕೀಲಿಗಳ ಮೇಲೆಯೇ ಇಟ್ಟುಕೊಂಡು ಅವನತ್ತ ತಲೆ ಎತ್ತಿದರು.

"ಈಗ ನಿಮ್ ಹೆಸರಿನ ಸ್ಪೆಲ್ಲಿಂಗ್ ಹೇಳಿ. ತಪ್ಪಾಗಬಾರ್ದು."